ಜೀನಿನ ಕೋಡು

— ಕಾಕಾ, ಈ ಗಂಟಿನ್ಯಾಗ ಏನೈತ್ರಿ? ರದ್ದಿಗಿ ಹಾಕೂದೋ, ಇಡೂದೋ?

— ಮೊದ್ಲ ಕೆಳಗಿಡು. ಕೊಡವಬ್ಯಾಡ, ಹಾಳಿ ಉದುರ್ತಾವ. ಅದು ನಿಮ್ಮ ಕಾಕಿ ಆಸ್ತಿ.

— ಹಳೇ ಹಾಳಿ ಅದಾವಲ್ರಿ. ದಪ್ಪ ದಾರ ಹಾಕಿ ಹೊಲದಾರ.

— ದಾರ ಅಲ್ಲೋ, ಸುತಳಿ. ಆಗ ನಮ್ಮಪ್ಪ ಬೆಲ್ಲದ ಅಡತಿ ಅಂಗಡ್ಯಾಗ ಲೆಕ್ಕಾ ಬರೀತಿದ್ದ. ಗೋಣಿಚೀಲ ಹೊಲಿಯೋ ದಬ್ಬಣ, ಸುತಳಿ ಮನ್ಯಾಗ ಯಾವಾಗ್ಲೂ ಬಿದ್ದಿರ್ತಿದ್ವು. ವಾರಪತ್ರಿಕೆ ಬಂತಂದ್ರ ಮೊದ್ಲ ಮನಿ ಮಂದಿ ಓದಬೇಕು, ಆಮ್ಯಾಲ ಓಣಿ ಮಂದಿ ಓದಬೇಕು. ಎಲ್ಲಾರದೂ ಮುಗದ ಮ್ಯಾಲ ಅಕಿ ಧಾರಾವಾಹಿ ಹಾಳಿ ಅಷ್ಟ ಬಿಡಿಸಿ ಟ್ರಂಕಿನ್ಯಾಗ ಇಡಾಕಿ. ‘ಮುಗಿಯಿತು’ ಅಂತ ಬಂದ ವಾರ ದಬ್ಬಣ ಹಿಡದು ಕುಂತ್ಲಂದ್ರ ಅವತ್ತ ರೊಟ್ಟಿ ತಡಾ. ಇದು 27 ವಾರದ್ದು. ಎಣಿಸಿದ್ರ 26 ಸಿಗ್ತಾವ. ಒಂದ್ರಾಗ ಯಾರೋ ಚುರಮರಿ ಕಟ್ಟಿಕೊಂಡ ಹೋಗ್ಯಾರ.

— ಇಲ್ಲಿ ನೋಡ್ರಿ, ಈಕಿ ಕಣ್ಣೊಂದು ಹೊಲಿಗಿ ಒಳಗ ಸಿಕ್ಕೈತಿ.

— ಅದು ಎರಡು ಪುಟದ ಮ್ಯಾಲ ಹರವಿದ ಚಿತ್ರ. ನಡುವ ಮಡಿಕಿ ಬರ್ತೈತಿ ಅಂತ ತಗದಾಂವಗ ಗೊತ್ತಿರತೈತಿ, ಮುಖ ಅಲ್ಲಿ ಬರದಂಗ ನೋಡಕೊಂಡಿರ್ತಾನ. ಕಣ್ಣ ಮುಚ್ಚಿಸಿದ್ದು ನಿಮ್ಮ ಕಾಕಿ ದಬ್ಬಣ.

— ಯಾವ ಕಾದಂಬರಿ ಇದು?

— ಹೆಸರ ನೆನಪಿಲ್ಲ. ಮೊದಲ್ನೇ ಹಾಳಿ ಹರದ ಹೋಗೈತಿ, ಅದ್ರ ಕೂಡ ಬರದವ್ರ ಹೆಸರೂ ಹೋತು. ಕಥಿನೂ ಪೂರ್ತಿ ನೆನಪಿಲ್ಲ ಅನ್ನು. ಚಿತ್ರ ಮಾತ್ರ ಒಂದೊಂದೂ ಗೊತ್ತು. ಇಲ್ಲಿ ಬಾವಿ ಕಟ್ಟಿಗಿ ನಿಂತಾಳ ನೋಡು, ಹಿಂದ ಒಬ್ಬಂವ ಬೀಡಿ ಹಚ್ಚಾಕತ್ತಾನ — ಇದು ಆರನೇ ವಾರ. ಆ ಕಡ್ಡಿ ಬೆಳಕು ಅವನ ಗದ್ದದ ಮ್ಯಾಲ ಅಷ್ಟ ಬಿದ್ದೈತಿ. ಅಷ್ಟು ಸಣ್ಣ ಬೆಳಕು ಬಿಡಾಕ ಉಳಿದಿದ್ದೆಲ್ಲಾ ಕರೀ ಮಾಡಬೇಕಾತು. ನಾ ಈ ಗದ್ದ ಎಷ್ಟ ಸಲ ತಗದೀನಿ ಅಂತೀ!

— ಬರದವ್ರಿಗೆ ಅನ್ಯಾಯ ಅಲ್ರೇನ್ರಿ ಅದು?

— ಅನ್ಯಾಯನ. ಆದ್ರ ಹಂಗ ಆಗ್ತಿತ್ತು. ನಮ್ಮ ಓಣ್ಯಾಗ ಮಗ್ಗ ಇದ್ವು. ಮಧ್ಯಾಹ್ನ ಹೆಣ್ಣಮಕ್ಕಳು ಕಂಡಿಕಿ ಸುತಗೋತ ಕುಂದ್ರಾವ್ರು, ಒಬ್ಬಾಕಿ ಗಟ್ಟಿಯಾಗಿ ಓದಾಕಿ. ಅವರೊಳಗ ಒಬ್ಬಾಕಿ ಮುದುಕಿ, ಅಕ್ಷರ ಬರ್ತಿದ್ದಿಲ್ಲ. ‘ಮೊದ್ಲ ಚಿತ್ರ ತೋರಸು’ ಅಂತಿದ್ಲು. ಹಾಳಿ ದೂರ ಹಿಡದು ನೋಡಿ, ‘ಈ ಗಂಡಸ ಆಕಿನ್ನ ನಡುನೀರಾಗ ಬಿಡ್ತಾನ’ ಅಂದ್ಲು. ಎರಡನೇ ವಾರ ಅದು. ಬರದಾವ್ರು ಅದನ್ನ ಹೇಳಿದ್ದು ಹದಿನೆಂಟನೇ ವಾರಕ್ಕ.

— ಮುದುಕಿಗಿ ಹ್ಯಾಂಗ ಗೊತ್ತಾತು?

— ಕಲಾವಿದ ಅವನ ಹುಬ್ಬಿನ ಕೆಳಗ ಎರಡ ಗೆರಿ ಹೆಚ್ಚ ಎಳದಿದ್ದ. ಅಷ್ಟ.

— ಅಂದ್ರ ಕಲಾವಿದಗ ಪೂರ್ತಿ ಕಥಿ ಮೊದ್ಲ ಗೊತ್ತಿರತೈತಿ?

— ಎಲ್ಲೀದು! ವಾರ ವಾರ ಬರದ ಕಳಸಾವ್ರೂ ಇದ್ರು. ಈ ವಾರದ ಹಾಳಿ ಮೇಜಿನ ಮ್ಯಾಲ ಬೀಳ್ತಾವ, ನಾಳೆ ಬ್ಲಾಕಿಗೆ ಹೋಗಬೇಕು. ಓದಿ, ಇದ್ರಾಗ ನಿಂತ ನೋಡೋ ಜಾಗ ಯಾವ್ದು ಅಂತ ಹುಡುಕಬೇಕು. ಮುಂದ ಏನಾಗತೈತಿ ಅಂತ ಊಹೆ. ಊಹೆ ತಪ್ಪಿದ್ರ ಮುಂದಿನ ವಾರ ಆ ಹುಬ್ಬ ನೆಟ್ಟಗ ಮಾಡಬೇಕು. ಅದಕ್ಕ ಒಂದ ಧಾರಾವಾಹ್ಯಾಗ ಒಬ್ಬನ ಮುಖ ನಾಲ್ಕ ಥರ ಇರತೈತಿ, ನೋಡು ಬೇಕಾದ್ರ.

— ಹೌದ್ರಿ, ಇಲ್ಲಿ ಮೀಸಿ ಐತಿ, ಮುಂದ ಮೀಸಿನ ಇಲ್ಲ.

— ಮೀಸಿ ಮರತಿರ್ತಾನ. ಒಂದ ವಾರದಾಗ ಮೂರ ಕಥಿ, ಎರಡ ಧಾರಾವಾಹಿ, ನಡುವ ದೀಪಾವಳಿ ವಿಶೇಷಾಂಕ. ಮೀಸಿ ಮರತ್ರ ನಾ ಅವಗ ಬೈಯಂಗಿಲ್ಲ.

— ಬ್ಲಾಕ ಅಂದ್ರಿ. ಸತುವಿನ ಬ್ಲಾಕ ಏನ್ರಿ?

— ಹೂಂ. ಧಾರವಾಡದಾಗ ಹಾಲಭಾವಿಯವರ ಸ್ಕೂಲಿನ್ಯಾಗ ಒಂದ ವರ್ಷ ಇದ್ದೆ, ಅಲ್ಲೆ ನೋಡಿದ್ದು. ನೀ ಚಿತ್ರ ತಗದ ಕೊಟ್ರ ಅದ್ರ ಫೋಟೋ ತಗದು ಸತುವಿನ ತಗಡಿನ ಮ್ಯಾಲ ಇಳಿಸ್ತಿದ್ರು. ಶಾಯಿ ಇದ್ದ ಜಾಗ ಉಳಿತಿತ್ತು, ಬಿಳೇ ಇದ್ದ ಜಾಗ ಆಸಿಡ್ ತಿಂತಿತ್ತು. ಆ ತಗಡು ಕಟಗಿ ಮ್ಯಾಲ ಬಡದ್ರ ಅಕ್ಷರದ ಮೊಳಿ ಎತ್ತರಕ್ಕ ಸಮಾ ಆಗ್ತಿತ್ತು. ಈಗ ತಿಳೀತಿಲ್ಲೋ, ಇದ್ದ್ರ ಕರೀ, ಇಲ್ದಿದ್ರ ಬಿಳೇ. ನಡುವ ಬೂದಿ ಬಣ್ಣ ಅನ್ನೂದ ಇಲ್ಲ. ಬೂದಿ ಬೇಕಂದ್ರ ಚುಕ್ಕಿ ಇಡು, ಇಲ್ಲಾ ಗೆರಿ ಮ್ಯಾಲ ಗೆರಿ ಹೆಣಿ, ಇಲ್ಲಾ ಒಣಾ ಬ್ರಷ್ ತಿಕ್ಕು. ಹಾಫ್‌ಟೋನ್ ಇತ್ತು, ಖರೆ. ಆದ್ರ ನ್ಯೂಸ್‌ಪ್ರಿಂಟ್ ಹಾಳಿ ಶಾಯಿ ಕುಡೀತೈತಿ. ಚುಕ್ಕಿ ಒಂದಕ್ಕೊಂದು ಕೂಡಿ ಮುಖ ಎಲ್ಲಾ ಮಸಿ. ಅದಕ್ಕ ಆ ಕಾಲದ ಧಾರಾವಾಹಿ ಚಿತ್ರಕ್ಕ ಕ್ರೋಕ್ವಿಲ್ ನಿಬ್ಬ ಗಂಡ. ಆಫ್‌ಸೆಟ್ ಬಂದ ಮ್ಯಾಲ ನೀರಬಣ್ಣದ ವಾಶ್ ಹಾಕಾಕ ಸುರು ಮಾಡಿದ್ರು. ಹಾಕಿದ್ದು ಹಾಕಿದಂಗ ಮೂಡ್ತಿತ್ತು. ನನ್ನ ಕೇಳಿದ್ರ, ಮೂಡಿದ್ದಕ್ಕ ಸ್ವಲ್ಪ ಸೋಮಾರಿ ಆದ್ರು.

— ಅದು ನಿಮ್ಮ ಹಳೇ ಕಾಲದ ಹೊಟ್ಟೆಕಿಚ್ಚು.

— ಇರಬಹುದು.

— ಈ ಹಾಳಿ ಹಿಂದ ಬ್ಯಾರೇ ಕಥಿ ಐತಿ, ಅದ್ರ ಹೆಸರನೂ ಕೈಲೇ ಬರದಾರಲ್ರಿ.

— ಅದು ಚಿತ್ರ ತಗದಾಂವಂದ ಕೆಲಸ. ದೆವ್ವದ ಕಥಿ ಇದ್ರ ಅಕ್ಷರಕ್ಕ ರಕ್ತ ಸುರದಂಗ, ಪ್ರೀತಿದಿದ್ರ ಒತ್ತಕ್ಷರಕ್ಕ ಬಳ್ಳಿ. ಕಂಪ್ಯೂಟರ್ ಬಂದು ಅದೂ ಹೋತು. ನಾ ಬೋರ್ಡ ಬರಿಯೋದ ಕಲತದ್ದು ಅರ್ಧ ಈ ಶೀರ್ಷಿಕೆ ನೋಡೇ. ಈ ಊರಾಗ ಎಷ್ಟ ಕಿರಾಣಿ ಅಂಗಡಿಗೆ ಧಾರಾವಾಹಿ ಅಕ್ಷರ ಹಚ್ಚೀನಿ ಅಂತೀ! ಒಬ್ಬ ಗೊಬ್ಬರದ ಅಂಗಡಿಯಂವಗ ದೆವ್ವದ ಅಕ್ಷರ ಬರದ ಕೊಟ್ಟಿದ್ದೆ, ‘ಭಾರೀ ಕಾಣ್ತೈತಿ’ ಅಂತ ಹತ್ತ ರೂಪಾಯಿ ಜಾಸ್ತಿ ಕೊಟ್ಟ.

— ಯಾರ ಚಿತ್ರ ಹೆಚ್ಚು ಸೇರ್ತಿದ್ವು ನಿಮಗ?

— ಸುಧಾ 1965ಕ್ಕ ಸುರು ಆತು, ಮಯೂರ 1968ಕ್ಕ. ಹುಬ್ಬಳ್ಳಿಯಿಂದ ಕರ್ಮವೀರ, ಕಸ್ತೂರಿ ಮೊದ್ಲಿಂದ ಇದ್ವು. 1983ಕ್ಕ ಮಣಿಪಾಲದಿಂದ ತರಂಗ ಬಂತು. ಎಲ್ಲಾದ್ರಾಗೂ ಹೆಸರ ಹಾಕ್ತಿದ್ದಿಲ್ಲ, ಮೂಲ್ಯಾಗ ಒಂದು ಸಣ್ಣ ಸಹಿ. ಆ ಸಹಿ ಮ್ಯಾಲ ಗುರ್ತ ಹಿಡೀತಿದ್ವಿ. ಚಂದ್ರನಾಥ ಆಚಾರ್ಯ ಅವರದು ಗೆರಿ ಮ್ಯಾಲ ಗೆರಿ, ತಾಮ್ರದ ತಗಡಿನ್ಯಾಗ ಕೊರದಂಗ. ಆಮ್ಯಾಲ ತಿಳೀತು, ಅವರು ಶಾಂತಿನಿಕೇತನದಾಗ ಅದ ಮುದ್ರಣ ಕಲೆ ಕಲತಾವ್ರು ಅಂತ. ಅದಕ್ಕೂ ಮೊದ್ಲ ಬೆಂಗಳೂರಿನ ಕೆನ್ ಸ್ಕೂಲು. ಕೆನ್ ಸ್ಕೂಲ ಅಂದ್ರ ಯಾರು? ಆರ್.ಎಂ. ಹಡಪದ, ನಮ್ಮ ಬಾದಾಮಿಯಾವ್ರು. ಪುತ್ತೂರಿನ ಹುಡುಗನ ಕೈಗೆ ಬಾದಾಮಿ ಮಾಸ್ತರ ಪೆನ್ನ ಕೊಟ್ಟಾರ ಅಂತ ನಾ ಎದಿ ಉಬ್ಬಿಸಿ ಹೇಳ್ತಿದ್ದೆ, ನನಗೇನೋ ಕೊಟ್ಟಂಗ. ಪ.ಸ. ಕುಮಾರ್ ಅವರ ಹೆಣ್ಣಮಕ್ಕಳ ಚಿತ್ರ ನೋಡಿ ನಿಮ್ಮ ಕಾಕಿ ತುರಬಾ ಕಟ್ಟೂದ ಬದಲಿಸಿದ್ಲು. ಮತ್ತ ಎಂ.ಟಿ.ವಿ. ಆಚಾರ್ಯ, ಚಂದಮಾಮದ ಮಹಾಭಾರತ ಮುಖಪುಟದವ್ರು; ಅವರು ಅಂಚೆ ಮೂಲಕ ಚಿತ್ರಕಲಾ ಕಲಸ್ತಿದ್ರು.

— ಮರಾಠಿ ಪತ್ರಿಕೆನೂ ಬರ್ತಿದ್ವಂತಲ್ರಿ ಈ ಕಡೆ?

— ಬರದ ಏನ? ಇದು ಮೊದ್ಲ ಮುಧೋಳ ಸಂಸ್ಥಾನ ಇತ್ತು, ಘೋರ್ಪಡೆಯವ್ರದು. ಊರಾಗ ನಾಕ ಮನ್ಯಾಗ ಮರಾಠಿ ದೀಪಾವಳಿ ಅಂಕ ಇರ್ತಿದ್ವು. ದೀನಾನಾಥ ದಲಾಲ, ರಘುವೀರ ಮುಳಗಾಂವಕರ. ದಲಾಲ ಅಂತೂ ಎರಡ ಬಣ್ಣದಾಗ ಐದ ಬಣ್ಣ ಕಾಣಸಾಂವ. ಆದ್ರ ಅವ್ರ ಚಿತ್ರದಾಗ ಎಲ್ಲಾರೂ ಚಂದ ಕಾಣ್ತಿದ್ರು, ಭಿಕ್ಷುಕನೂ. ಅದು ನನಗ ಸರಿ ಬರಲಿಲ್ಲ.

— ಇದೇನ್ರಿ ಕಾಕಾ? ಹಾಳಿ ನಡುವ ಬ್ಯಾರೇ ಕಾಗದ ಐತಿ. ಇದು ಕನ್ನಡದ್ದಲ್ಲ. ಕುದುರಿ!

— ತಾ ಇಲ್ಲಿ. ಸಿಕ್ತೇನೋ ಇದು! ನಿಮ್ಮ ಕಾಕಿ ಎಲ್ಲಿ ಇಟ್ಟಾಳ ನೋಡು... ಸಾವಕಾಶ ಹಿಡಿ. ಚೌಕಳಿ ಹಾಕಿದ್ದು ಕಾಣ್ತೈತಿಲ್ಲೋ ಪೆನ್ಸಿಲ್ಲೇ? ನಂದ ಅದು.

— ಕೌಬಾಯ್ ಚಿತ್ರ. ಯಾವ್ದೋ ಇಂಗ್ಲಿಷ್ ಪತ್ರಿಕೆದು. ‘ಹಿಂದಿನ ಸಂಚಿಕೆಯಿಂದ’ ಅಂತ ಐತಿ ಮ್ಯಾಲ, ಇಂಗ್ಲಿಷಿನ್ಯಾಗ.

— ಧಾರಾವಾಹಿನ ಅದೂ. ಮುಂಬೈ ಗಿರಣ್ಯಾಗ ಕೆಲಸಕ್ಕಿದ್ದ ಗೆಳೆಯ ರದ್ದಿ ಅಂಗಡ್ಯಾಗ ಹರದ ತಂದ ಕೊಟ್ಟಿದ್ದ. ಅದ್ರಾಗಿನ ಒಂದಕ್ಷರ ನನಗ ತಿಳೀಲಿಲ್ಲ. ಕುದುರಿ ತಿಳೀತು. ಆ ಕುದುರಿ ಮುಂಗಾಲ ನೋಡು, ಮಡಚಿ ಎತ್ತಿದ್ದು. ಗೊರಸಿನ ಕೆಳಗ ಧೂಳಿ. ನಾ ಅಲ್ಲೀತನಕ ಕುದುರಿ ನಿಂತದ್ದ ಅಷ್ಟ ತಗದಿದ್ದೆ, ಬಸವನ ಮೂರ್ತಿ ಹಂಗ.

— ಇದನ್ನೇನ ಮಾಡಿದ್ರಿ?

— ಜಾತ್ರ್ಯಾಗ ನಾಟಕ ಇತ್ತು, ‘ಸಿಂಧೂರ ಲಕ್ಷ್ಮಣ’. ಮಹಾಲಿಂಗೇಶ್ವರ ಜಾತ್ರಿಗಿ ನಾಟಕ ಅಂದ್ರ ಬೋರ್ಡಿನ ಮ್ಯಾಲ ಮಂದಿ ಬರ್ತಿದ್ರು. 8 ಫೂಟ ಅಗಲ, 6 ಫೂಟ ಎತ್ತರದ ತಗಡು ತಂದ ಕೊಟ್ಟು, ‘ಲಕ್ಷ್ಮಣ ಕುದುರಿ ಹತ್ತಿ ಬರೂದ ತಗಿ’ ಅಂದ್ರು. ಈ ಚಿತ್ರಕ್ಕ ಚೌಕಳಿ ಹಾಕಿದೆ, ತಗಡಿಗೂ ಚೌಕಳಿ ಹಾಕಿದೆ, ಮನಿ ಮನಿ ಎಣಿಸಿ ಇಳಿಸಿದೆ. ಹ್ಯಾಟ್ ತಗದು ರುಮಾಲ ಸುತ್ತಿದೆ. ಪ್ಯಾಂಟಿಗೆ ಕಾಸಿ ಹಾಕಿದೆ. ಬೂಟ ತಗದು ಕೊಲ್ಹಾಪುರಿ ಮೆಟ್ಟಿಸಿದೆ. ಕೈಯಾಗ ಒಂದು ಹಗ್ಗದ ಸುರುಳಿ ಐತಿ ನೋಡು, ಅದು ಏನಂತ ತಿಳೀಲಿಲ್ಲ, ಬಾರಕೋಲ ಮಾಡಿದೆ.

— ಅಮೆರಿಕಾದ ದನಗಾಹಿ ಬೀಳಗಿ ಗುಡ್ಡಕ್ಕ ಬಂದ ಬಿಟ್ಟ!

— ಬಂದ, ಚಲೋನ ಬಂದ. ಮಂದಿ ನಿಂತ ನಿಂತ ನೋಡಿದ್ರು. ಸಿಂಧೂರ ಲಕ್ಷ್ಮಣ ಜತ್ತ ಕಡಿ ಸಿಂಧೂರ ಊರಾಂವ. ಸರಕಾರದ ಖಜಾನೆ ಹೊಡದು ಬಡವರಿಗಿ ಹಂಚಿದ ಅಂತ ಹಾಡ್ತಾರ. 1922ಕ್ಕ ಬೀಳಗಿ ಹತ್ರದ ಗುಡ್ಡದಾಗ ಪೊಲೀಸರು ಗುಂಡ ಹಾಕಿ ಕೊಂದ್ರು. ಅಂವನ್ನ ಕಣ್ಣಾರ ನೋಡಿದ ಮುದುಕರು ಆಗಿನ್ನೂ ಅಲ್ಲಲ್ಲೆ ಇದ್ರು. ಅವರೂ ಬೋರ್ಡ ನೋಡಿ ‘ಹಿಂಗ ಇದ್ದ’ ಅಂದ್ರು.

— ಅಂವ ಕುದುರಿ ಹತ್ತತಿದ್ನೇನ್ರಿ?

— ಅದನ್ನ ನಾ ಆಮ್ಯಾಲ ವಿಚಾರ ಮಾಡಿದೆ. ಗುಡ್ಡದ ಗವ್ಯಾಗ ಅಡಗಾಂವ ಕುದುರಿ ಕಟ್ಟಿ ಅದ್ರ ಹೊಟ್ಟಿಗಿ ಏನ ಹಾಕ್ತಾನ? ಕುದುರಿ ಕೆನದ್ರ ಪೊಲೀಸರಿಗೆ ಗುರ್ತ ಸಿಗ್ತೈತಿ. ಕಾಲನಡಗ್ಯಾಗ ಓಡ್ಯಾಡಿರಬೇಕು. ಕುದುರಿ ಕೊಟ್ಟಾವ್ರು ನಾಟಕದಾವ್ರು, ಹತ್ತಿಸಿದಾಂವ ನಾನು.

— ಯಾರೂ ತಕರಾರ ತಗೀಲಿಲ್ಲ?

— ಒಬ್ಬ ತಗದ. ಟಾಂಗಾ ಹೊಡಿಯೋ ಮುದುಕ. ಮುಧೋಳ ರಾಜರ ಕುದುರಿ ಲಾಯದಾಗ ಹುಡುಗ ಇದ್ದಾಗ ಕೆಲಸ ಮಾಡಿದ್ದೆ ಅಂತ ಹೇಳಕೋತಿದ್ದ. ಬೋರ್ಡಿನ ಮುಂದ ಬಂದು ಬೀಡಿ ಹಚ್ಚಿ ಭಾಳ ಹೊತ್ತ ನಿಂತ. ಆಮ್ಯಾಲ ನನ್ನ ಕರದು, ‘ಜೀನಿನ ಮುಂದ ಕೋಡ ಯಾಕ ಬಂದೈತಿ?’ ಅಂದ.

— ಕೋಡು?

— ನೋಡು ಈ ಹಾಳ್ಯಾಗ. ಜೀನಿನ ಮುಂದಿನ ತುದ್ಯಾಗ ಮೊಟಕ ಕೋಡಿನಂಗ ಒಂದು ಎದ್ದೈತಿ. ನಾ ಅದನ್ನೂ ಮನಿ ಮನಿ ಎಣಿಸಿ ತಗದಿದ್ದೆ. ರುಮಾಲ, ಧೋತ್ರ, ಮೆಟ್ಟು ಎಲ್ಲಾ ಬದಲಿಸಿದಾಂವಗ ಜೀನ ಬದಲಸಬೇಕಂತ ತಿಳೀಲಿಲ್ಲ. ಜೀನ ಅಂದ್ರ ಜೀನ ಅಂತ ಬಿಟ್ಟೆ. ಮುದುಕ ಅಂದ: ‘ಈ ಜೀನ ನಮ್ಮ ಕಡೇದಲ್ಲ, ಮರಾಠಾರದೂ ಅಲ್ಲ, ಸಾಹೇಬರದೂ ಅಲ್ಲ. ಈ ಕುದುರಿ ಯಾರದ್ದು?’

— ನೀವೇನಂದ್ರಿ?

— ‘ಕಂಪನಿದು’ ಅಂದೆ. ನಕ್ಕ, ಹೋದ. ಆದ್ರ ಆ ಕೋಡ ಯಾಕ ಅಂತ ನನಗೂ ತಲಿ ಹೊಕ್ಕು ಕುಂತಿತು. ಎಷ್ಟೋ ವರ್ಷ ಆದ ಮ್ಯಾಲ ಟಾಕೀಜಿನ್ಯಾಗ ಒಂದ ಇಂಗ್ಲಿಷ್ ಸಿನೆಮಾ ನೋಡಾಕ ಹೋದೆ. ಅದ್ರಾಗ ಒಬ್ಬಂವ ಓಡೋ ಹೋರಿ ಕೊಳ್ಳಾಗ ಹಗ್ಗ ಒಗದ, ಹಗ್ಗದ ಈ ತುದಿ ಗಪ್ಪನ ಆ ಕೋಡಿಗೆ ಎರಡ ಸುತ್ತ ಹಾಕಿದ. ಹೋರಿ ಎಳಿತು, ಕುದುರಿ ಹಿಂಗಾಲ ಊರಿ ನಿಂತು ಬಿಟ್ತು. ಕೈಲೇ ಹಿಡದಿದ್ರ ಬೊಟ್ಟ ಹರದ ಹೋಗ್ತಿದ್ವು. ನಾ ಕುರ್ಚ್ಯಾಗಿಂದ ಎದ್ದ ನಿಂತೆ, ಹಿಂದಿನಾವ ‘ಕುಂದ್ರೋ’ ಅಂತ ಬೈದ. ಬಾರಕೋಲ ಅಂತ ನಾ ತಗದ ಸುರುಳಿನೂ ಅದ ಹಗ್ಗ! ಕೋಡು, ಹಗ್ಗ ಎರಡೂ ಒಂದ ಕೆಲಸಕ್ಕ. ಒಂದನ್ನ ಬದಲಿಸಿ ಇನ್ನೊಂದನ್ನ ಬಿಟ್ಟಿದ್ದೆ.

— ಅದನ್ನ ಅಷ್ಟ ಸರಿ ತಗದ ಕಲಾವಿದ ನೋಡೇ ತಗದಿರಬೇಕು ಬಿಡ್ರಿ. ಅಲ್ಲಿ ಅದು ಒಂದು ಹಟಾನ ಇತ್ತು. ಹೊವರ್ಡ್ ಪೈಲ್ ಅಂತ ಒಬ್ಬ ಮಾಸ್ತರ, ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ನಿನ್ಯಾಗ ಪತ್ರಿಕಾ ಚಿತ್ರಕಾರರನ್ನ ತಯಾರ ಮಾಡಾಂವ. ಚಿತ್ರದ ಒಳಗ ನೀನ ಹೋಗಿ ನಿಲ್ಲು ಅಂತಿದ್ದನಂತ. ಅವನ ಶಿಷ್ಯ ಎನ್.ಸಿ. ವೈಯತ್. ಅಂವಂದು ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆಗೆ ಮೊದಲ್ನೇ ಮುಖಪುಟ ಬಂದದ್ದು 1903ಕ್ಕ, ಹುಚ್ಚೆದ್ದು ಕುಣಿಯೋ ಕುದುರಿ ಮ್ಯಾಲ ಸವಾರ. ಮರು ವರ್ಷ ಕೊಲೊರಾಡೊಗೆ ಹೋಗಿ ದನಗಾಹಿಗಳ ಕೂಡ ತಾನೂ ದನ ಹೊಡದ. ರೊಕ್ಕ ಕಳುವಾದ್ವು, ಟಪಾಲ ಹೊತ್ತು ಗಳಿಸಿದ. ಬರಬೇಕಾದ್ರ ಜೀನ, ಬಟ್ಟಿ ಎಲ್ಲಾ ಕಟಗೊಂಡ ಬಂದ, ಮನ್ಯಾಗ ಮುಂದಿಟ್ಟಗೊಂಡು ತಗ್ಯಾಕ.

— ನೋಡು ಮತ್ತ! ನಾ ಲಕ್ಷ್ಮಣನ ಸಲುವಾಗಿ ಬೀಳಗಿಗೂ ಹೋಗಲಿಲ್ಲ. ಬಸ್ಸಿನ ಹಾದ್ಯಾಗ ಐತಿ.

— ನಿಮಗ ಇನ್ನೊಬ್ಬನ್ನ ತೋರಸ್ತೇನಿ ತಡೀರಿ, ಫೋನಿನ್ಯಾಗ... ಇದು. ಕೋರ್ನರ್ ಅಂತ, ಡಬ್ಲ್ಯು.ಎಚ್.ಡಿ. ಕೋರ್ನರ್. ಜರ್ಮನ್ಯಾಗ 1878ಕ್ಕ ಹುಟ್ಟಿದಾಂವ, ಸಣ್ಣಾಂವಿದ್ದಾಗ ಅಪ್ಪ ಅವ್ವ ಅಮೆರಿಕಾಕ್ಕ ಕರಕೊಂಡ ಹೋದ್ರು. ಅಂವನೂ ಪೈಲ್ ಶಿಷ್ಯ. ‘ದಿ ಕವರ್ಡ್ ವ್ಯಾಗನ್’ ಅಂತ ಎಮರ್ಸನ್ ಹಫ್ ಬರದ ವೆಸ್ಟರ್ನ್ ಧಾರಾವಾಹಿ 1922ಕ್ಕ ಪೋಸ್ಟಿನ್ಯಾಗ ಬಂತಲ್ಲ, ಅದಕ್ಕ ಚಿತ್ರ ತಗದಾಂವ ಇಂವನ. ಮರು ವರ್ಷ ಸಿನೆಮಾ ಆತು ಅದು. ಆದ್ರ ನಾ ತೋರಸಾಕ ಹತ್ತಿದ್ದು ಅದಕ್ಕಿಂತ ಮೊದಲಿಂದು. ಏನ ಕಾಣ್ತೈತಿ ಹೇಳ್ರಿ.

— ಕನ್ನಡಕ ಕೊಡು. ಏರು ದಾರಿ. ಕಲ್ಲು, ಕುರಚಲ ಗಿಡ. ಕುದುರಿ ಮ್ಯಾಲ ಒಬ್ಬ, ದಮ್ಮ ಕಟ್ಟಿ ಏರಿಸ್ಲಿಕತ್ತಾನ. ಹಿಂದ ಇನ್ನೂ ಕುದುರಿ ಮ್ಯಾಲಿನಾವ್ರ ಅದಾರ. ಚಲೋ ಮಾಡ್ಯಾನಲೇ! ಏರಿನ್ಯಾಗ ಕುದುರಿ ಕೊಳ್ಳ ಹಿಂಗ ಮುಂದ ಚಾಚತೈತಿ... ಹಿಂದಿನಾವ್ರ ಗೆಳೆಯರೋ, ಬೆನ್ನ ಹತ್ತಿದಾವ್ರೋ?

— ಅಲ್ಲೇ ಐತಿ ಮಜಾ. ಅಮೆರಿಕಾದ ಅಧ್ಯಕ್ಷ ಇದ್ನಲ್ರಿ, ಜಾರ್ಜ್ ಬುಷ್, ಮಗ ಬುಷ್. ಅಂವ ಟೆಕ್ಸಾಸಿನ ಗವರ್ನರ್ ಇದ್ದಾಗ ಗೆಳೆಯನೊಬ್ಬ ಈ ಚಿತ್ರ ಆಫೀಸಿಗೆ ಹಾಕ್ಕೊಳ್ಳಾಕ ಕೊಟ್ಟ. ಚಿತ್ರದ ಹೆಸರು ಒಂದು ಕ್ರಿಸ್ತ ಭಜನಿ ಹೆಸರು: ‘ಎ ಚಾರ್ಜ್ ಟು ಕೀಪ್’. ಬುಷ್ ಇದನ್ನ ಧರ್ಮ ಸಾರಾಕ ಊರೂರಿಗೆ ಕುದುರಿ ಮ್ಯಾಲ ಹೋಗೋ ಪಾದ್ರಿ ಅಂತ ತಿಳಕೊಂಡ. ಹಿಂದಿನಾವ್ರು ಅನುಯಾಯಿಗಳು. ತನ್ನ ಆತ್ಮಕಥಿಗೂ ಅದ ಹೆಸರಿಟ್ಟ, 1999ಕ್ಕ. ಶ್ವೇತಭವನಕ್ಕೂ ಕೂಡ ಒಯ್ದ.

— ಪಾದ್ರಿ ಏನ ಹಂಗ ಓಡಸ್ತಾನ? ಮುಖಾ ನೋಡು.

— ಪಾದ್ರಿ ಅಲ್ಲ. ಚಿತ್ರ ಮೊದಲ ಅಚ್ಚಾದದ್ದು 1916ಕ್ಕ, ಪೋಸ್ಟ್ ಪತ್ರಿಕ್ಯಾಗ, ವಿಲಿಯಂ ನೈಡಿಗ್ ಅನ್ನಾಂವನ ಒಂದ ಕಥಿಗೆ. ಅದ್ರಾಗ ಇಂವ ಕುದುರಿ ಕಳ್ಳ.

— ಏನಂದಿ?

— ಕುದುರಿ ಕಳ್ಳ, ಕಾಕಾ. ಮಾತಿನ ಮಲ್ಲ. ಹಿಂದ ಬರಾವ್ರು ಇಂವನ್ನ ಹಿಡದು ಗಿಡಕ್ಕ ನೇಣ ಹಾಕಾಕ ಬೆನ್ನ ಹತ್ತಿದ ಮಂದಿ.

— ಅಯ್ಯ ಶಿವನ! ಅದನ್ನ ದೊರಿ ಖುರ್ಚಿ ಹಿಂದ ಹಾಕ್ಕೊಂಡ?

— ತಪ್ಪು ಪೂರ್ತಿ ಅವಂದೂ ಅಲ್ಲ. ಪತ್ರಿಕೆಯವ್ರೇ ಚಿತ್ರಕ್ಕ ಮತ್ತ ಮತ್ತ ಕೆಲಸ ಕೊಟ್ಟಾರ. 1918ಕ್ಕ ‘ಕಂಟ್ರಿ ಜಂಟಲ್‌ಮನ್’ ಅಂತ ಇನ್ನೊಂದ ಪತ್ರಿಕ್ಯಾಗ ಬೆನ್ ಏಮ್ಸ್ ವಿಲಿಯಮ್ಸ್ ಬರದ ಬ್ಯಾರೇ ಕಥಿಗೆ ಇದ ಚಿತ್ರ ಹಾಕಿದ್ರು. ಆ ಕಥಿ ಹೆಸರು ‘ಎ ಚಾರ್ಜ್ ಟು ಕೀಪ್’. ಕಳ್ಳಗ ಭಜನಿ ಹೆಸರ ಬಂದದ್ದು ಅಲ್ಲಿಂದ. ಕಥಿ ಎರಡೂ ಮಂದಿ ಮರತ್ರು. ಚಿತ್ರ, ಹೆಸರು ಎರಡ ಉಳದ್ವು.

— ಬ್ಲಾಕ ಮನ್ಯಾಗ ಇದ್ರ ಹಂಗ ಮಾಡ್ತಾರ. ನಮ್ಮ ಕಡೀನೂ ಹಳೇ ಬ್ಲಾಕ ಹೊಸಾ ಕಥಿಗೆ ಹಾಕಿದ್ದ ನೋಡೀನಿ. ಒಬ್ಬ ಚಿಂತಿ ಮಾಡೋ ಗಂಡಸಿನ ಬ್ಲಾಕ ಒಂದಿದ್ರ ಸಾಕು, ಸಾಲಾ ಮಾಡಿದಾವಗೂ ಆಗತೈತಿ, ಹೆಂಡತಿ ಬಿಟ್ಟ ಹೋದಾವಗೂ ಆಗತೈತಿ... ಮತ್ತೊಮ್ಮಿ ತೋರಸು ಅದನ್ನ.

— ತಗೋರಿ.

— ಈಗ ಕಳ್ಳ ಅಂತ ಗೊತ್ತಾದ ಮ್ಯಾಲ ಕಳ್ಳನ ಕಾಣ್ತಾನ. ಪಾದ್ರಿ ಅಂತ ಹೇಳಿದ್ದ್ರ ಪಾದ್ರಿನ ಕಾಣ್ತಿದ್ನೇನೋ. ಚಿತ್ರಕ್ಕ ಬಾಯಿ ಇಲ್ಲ ನೋಡು. ಯಾರ ಕಥಿ ಹಚ್ಚಿದ್ರ ಅವರ ಮನಿ ಆಳು. ನನ್ನ ಲಕ್ಷ್ಮಣನೂ ಹಂಗ ಬಂದಾಂವ. ಎಲ್ಲಿ ಯಾರ ದನ ಕಾಯತಿದ್ನೋ, ಇಲ್ಲ ಅಂವನೂ ಯಾರ ಕುದುರಿ ಕದ್ದಿದ್ನೋ... ನಾ ತಂದ ಖಜಾನೆ ಹೊಡಿಯಾಕ ಹಚ್ಚಿದೆ.

— ಆದ್ರ ಜೀನ ಸುಳ್ಳ ಹೇಳಲಿಲ್ಲ.

— ಹೂಂ. ಟಾಂಗಾದ ಮುದುಕ ಮುಖಾ ನೋಡ್ಲೇ ಇಲ್ಲ, ನೋಡಿದ್ದು ಜೀನ. ಮಂದಿ ಎಲ್ಲಾ ಲಕ್ಷ್ಮಣ ಬಂದ ಅಂತ ನೋಡಿದ್ರು, ಅಂವಾ ಒಬ್ಬ ಕುದುರಿ ಬಂತು ಅಂತ ನೋಡಿದ.

— ಇದರ ಉಲ್ಟಾನೂ ಐತಲ್ರಿ ನಮ್ಮಲ್ಲೇ. ಹಲಗಲಿ ಬೇಡರು. ಇಲ್ಲಿಂದ ಎಷ್ಟ ದೂರ ಹಲಗಲಿ? 1857ಕ್ಕ ಆಯುಧ ಕೊಡಂಗಿಲ್ಲ ಅಂತ ಬ್ರಿಟಿಷರ ಕೂಡ ಬಡದಾಡಿದ್ರು. ಅವರದ್ದು ಒಂದ ಚಿತ್ರ ಇಲ್ಲ, ಒಬ್ಬರ ಮುಖ ಹ್ಯಾಂಗಿತ್ತಂತ ಯಾರಿಗೂ ಗೊತ್ತಿಲ್ಲ. ಲಾವಣಿ ಉಳಿತು. ಫ್ಲೀಟ್ ಅನ್ನೋ ಬ್ರಿಟಿಷ್ ಸಾಹೇಬ ಅದನ್ನ ಬರಕೊಂಡು ಅಚ್ಚ ಹಾಕಿಸಿದ. ಅಲ್ಲಿ ಚಿತ್ರ ಇಲ್ದ ಕಥಿ, ಇಲ್ಲಿ ಕಥಿ ಇಲ್ದ ಚಿತ್ರ.

— ಲಾವಣಿ ಕೇಳೋ ಮುಂದ ಆ ಬೇಡರ ಮುಂದಾಳು ಜಡಗ ಇದ್ನಲ್ಲ, ಎಲ್ಲಾರೂ ತಮ್ಮ ತಮ್ಮ ಜಡಗನ್ನ ತಾವ ತಗೋತಾರ ತಲ್ಯಾಗ. ಬ್ಲಾಕ ಖರ್ಚಿಲ್ಲ. ಆದ್ರ ಲಾವಣ್ಯಾಗ ಊರ ಹೆಸರು, ಹಣಮ, ಬಾಲ, ರಾಮ ಅಂತ ಮಂದಿ ಹೆಸರು ಗಟ್ಟಿ ಹಿಡದ ಇಟ್ಟಾರ. ಅದೂ ಒಂಥರಾ ಜೀನನ.

— ವೆಸ್ಟರ್ನ್ ಗಾಳಿ ನಮ್ಮ ಸಿನೆಮಾಕ್ಕೂ ಬಡದಿತ್ತಲ್ರಿ. ದ್ವಾರಕೀಶ್ ‘ಕೌಬಾಯ್ ಕುಳ್ಳ’ ಬಂದದ್ದು 1973ಕ್ಕ. ಶೋಲೆ 1975ಕ್ಕ, ನಮ್ಮ ರಾಮನಗರದ ಬಂಡಿಗಲ್ಲಿನ ನಡುವ ತಗದದ್ದು.

— ಶೋಲೆ ಬಂದ ಮ್ಯಾಲ ನನ್ನ ಕುದುರಿಗೆ ಬೆಲಿ ಬಂತು. ಅದ ಚೌಕಳಿ ಮ್ಯಾಲ ಮತ್ತ ಮೂರ ನಾಟಕದ ಬೋರ್ಡ ಮಾಡಿದೆ. ಒಂದ್ರಾಗ ಡಾಕು, ಒಂದ್ರಾಗ ರಾಜಕುಮಾರ, ಇನ್ನೊಂದ್ರಾಗ ಯಾರ ಅಂತ ನನಗೂ ನೆನಪಿಲ್ಲ. ಕೋಡ ಮಾತ್ರ ತಗದ ಬಿಟ್ಟೆ ಆಮ್ಯಾಲ.

— ಆ ಮೊದಲ್ನೇ ಬೋರ್ಡ ಎಲ್ಲೈತ್ರಿ?

— ಹಿತ್ತಲದಾಗ ಬಚ್ಚಲದ ಮ್ಯಾಲ ಹೊದಿಸೀನಲ್ಲ, ತಗಡು? ಅದ. ಮಳಿಗಿ ಬಣ್ಣ ಹೋಗೈತಿ. ಒಳಗ ನಿಂತ ಮ್ಯಾಲ ನೋಡಿದ್ರ ಹಿಂಗಾಲ ಎರಡು ಇನ್ನೂ ಕಾಣ್ತಾವ. ನಿನ್ನ ತಮ್ಮ ಸಣ್ಣಾಂವಿದ್ದಾಗ ಕುದುರಿ ಒದಿತೈತಿ ಅಂತ ಜಳಕಾ ಮಾಡಾಕ ಒಲ್ಲೆ ಅಂತಿದ್ದ.

— ತಡೀರಿ, ಫೋನ... ಹೂಂ, ಹೇಳ್ರಿ. ಹೌದ್ರಿ, ಇವತ್ತ ಸಂಜಿಗಿ ಕೊಡ್ತೇನಿ. ಹತ್ತ ಬೈ ಎಂಟು. ಕಳಸ್ರಿ, ವಾಟ್ಸಪ್ಪಿಗೆ ಕಳಸ್ರಿ... ಜಾತ್ರಿ ಕಮಿಟ್ಯಾವ್ರು. ನಾಟಕದ ಫ್ಲೆಕ್ಸ್. ಚಿತ್ರಾನೂ ಅವರ ಕಳಸ್ಯಾರ, ಇಂಟರ್ನೆಟ್ಟಿನ್ಯಾಗಿಂದ ತಗದದ್ದು.

— ಯಾವ ನಾಟಕ?

— ಯಾವ್ದಿರಬೇಕ್ರಿ? ಸಿಂಧೂರ ಲಕ್ಷ್ಮಣ.

— ತೋರಸು... ಹೂಂ. ಸ್ನಾಯು ಭಾಳ ಬಂದಾವ. ರುಮಾಲ ಅಡ್ಡಿ ಇಲ್ಲ. ಹಿಂದ ಸೂರ್ಯ ಮುಳಗಾಕತ್ತಾನ, ಅದೂ ಅಡ್ಡಿ ಇಲ್ಲ. ಕುದುರಿ ಕಡಿ ಸ್ವಲ್ಪ ದೊಡ್ಡದ ಮಾಡು. ಇನ್ನೂ.

— ಏನ್ರಿ?

— ನೀನ ನೋಡು.

— ...ಕೋಡ ಐತಿ.

— ಐತಿ.

— ಯಾರ ನೋಡ್ತಾರ ಬಿಡ್ರಿ ಕಾಕಾ. ಟಾಂಗಾದ ಮುದುಕ ಹೋಗಿ ಎಷ್ಟ ವರ್ಷ ಆದ್ವು?

— ಮೂವತ್ತರ ಮ್ಯಾಲ ಆಗಿರಬೇಕು. ಊರಾಗ ಟಾಂಗಾನ ಇಲ್ಲ ಈಗ.

— ಮತ್ತ? ಹಂಗ ಬಿಡ್ಲೇನ್ರಿ?

— ಅಳಸಾಕ ಎಷ್ಟ ಹೊತ್ತ ಹಿಡಿತೈತಿ ನಿನ್ನ ಕಂಪ್ಯೂಟರಿನ್ಯಾಗ?

— ಎರಡ ಮಿನಿಟ.

— ತಗಿ ಹಂಗಾರ. ಮತ್ತ ಆ ಹಾಳಿ ಇಲ್ಲಿ ಕೊಡು, ನಿಮ್ಮ ಕಾಕಿ ಇಟ್ಟಲ್ಲೇ ಇಡಬೇಕು. ಆರನೇ ವಾರಕ್ಕೂ ಏಳನೇ ವಾರಕ್ಕೂ ನಡುವ ಇತ್ತು.